ಹಿತ್ತಾಳೆ ಬಿಲ್ಲೆಯ ಮೇಲೆ ಕನ್ನಡ ಹೆಸರು: ಮನೆಯ ಕಟಿಂಗ್ ಮಷೀನ್‌ನಲ್ಲಿ ಕೆತ್ತುವ ಬಗೆ

ಕಾಗದ, ವಿನೈಲ್, ಸ್ಟಿಕ್ಕರ್ ಕತ್ತರಿಸಲು ತಂದ ಕ್ರಾಫ್ಟ್ ಕಟಿಂಗ್ ಮಷೀನ್ ಲೋಹದ ಮೇಲೂ ಬರೆಯಬಲ್ಲದು. ಬ್ಲೇಡ್ ತೆಗೆದು ಕೆತ್ತನೆಯ ಮೊನೆ ಸಿಕ್ಕಿಸಿದರೆ ಡಾಲರ್, ಕೀ ಚೈನ್, ಕಡಗ, ಉಂಗುರದ ಪಟ್ಟಿ ಎಲ್ಲದರ ಮೇಲೂ ಹೆಸರು ಮೂಡಿಸಬಹುದು. ಆದರೆ ಮಷೀನ್ ಮಾಡುವುದು ಇದರಲ್ಲಿ ಸುಲಭದ ಪಾಲು. ಕೆಲಸ ಚೆನ್ನಾಗಿ ಬರುವುದೂ ಕೆಡುವುದೂ ಅದಕ್ಕೆ ಮೊದಲಿನ ಎರಡು ಸಂಗತಿಗಳಿಂದ: ಅಕ್ಷರ ಹೊರಗೆರೆಯ ಟೊಳ್ಳಕ್ಷರವಾಗದೆ ಪೆನ್ನಲ್ಲಿ ಬರೆದಂತೆ ಒಂದೇ ಗೆರೆಯಲ್ಲಿದೆಯೇ, ಬಿಲ್ಲೆ ಕೂದಲೆಳೆಯಷ್ಟೂ ಅಲ್ಲಾಡದಂತೆ ಕೂತಿದೆಯೇ. ಕನ್ನಡದಲ್ಲಿ ಕೆತ್ತುವವರಿಗೆ ಮೊದಲನೆಯದು ಇನ್ನೂ ಮುಖ್ಯ. ಒಂದೇ ಗೆರೆಯ ಇಂಗ್ಲಿಷ್ ಫಾಂಟ್‌ಗಳು ಸಾಫ್ಟ್‌ವೇರ್‌ನಲ್ಲೇ ಸಿಗುತ್ತವೆ, ಕನ್ನಡದ್ದನ್ನು ನಾವೇ ತಯಾರಿಸಿಕೊಳ್ಳಬೇಕು.

ಇಲ್ಲಿನ ವಿವರಗಳು ಕ್ರಿಕಟ್ ಮೇಕರ್ ಮಷೀನನ್ನು ಎದುರಿಗಿಟ್ಟುಕೊಂಡು ಬರೆದವು. ಉದಾಹರಣೆಗೆ 25 ಮಿ.ಮೀ. ಅಗಲದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ‘ಧನ್ಯ’ ಎಂಬ ಹೆಸರು. ಎರಡೇ ಅಕ್ಷರ, ಆದರೂ ಒಂದು ಮಹಾಪ್ರಾಣ, ಒಂದು ಒತ್ತು ಇದೆ. ಹಾಗಾಗಿ ಕನ್ನಡದ ತೊಡಕುಗಳೆಲ್ಲ ಇದರಲ್ಲೇ ಎದುರಾಗುತ್ತವೆ.

ಮೊನೆ ಲೋಹಕ್ಕೆ ಏನು ಮಾಡುತ್ತದೆ

ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುವ ಉಪಕರಣ ನಡುಗುತ್ತಾ ಚುಕ್ಕೆ ಚುಕ್ಕೆಯಾಗಿ ಕುಟ್ಟಿಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ. ಮೊನೆ ತಿರುಗುವುದಿಲ್ಲ, ಕುಟ್ಟುವುದಿಲ್ಲ. ಒತ್ತಿ ಹಿಡಿದು ಎಳೆಯುತ್ತದೆ, ಅಷ್ಟೇ. ಲೋಹದ ಹೆಚ್ಚಿನ ಭಾಗ ಎದ್ದು ಬರದೆ ಗೆರೆಯ ಎರಡೂ ಬದಿಗೆ ಸರಿದು ಸಣ್ಣ ಏರಿಯಾಗಿ ನಿಲ್ಲುತ್ತದೆ.

ಇದರಿಂದ ಮೂರು ಪರಿಣಾಮ. ಗೆರೆ ಎಂದೂ ದಪ್ಪ ಬರುವುದಿಲ್ಲ, ಒಳಭಾಗ ತುಂಬಿದ ದಪ್ಪಕ್ಷರ ಬೇಕೆಂದರೆ ಪಕ್ಕಪಕ್ಕ ಗೆರೆ ಎಳೆದು ತುಂಬಿಸಬೇಕು. ತೂಕ ಕಳೆಯುವುದಿಲ್ಲ ಎಂದೇ ಹೇಳಬಹುದು, ಬೆಳ್ಳಿಯ ವಸ್ತುವಿಗೆ ಇದು ನೆಮ್ಮದಿಯ ವಿಷಯ. ಮತ್ತು ಕೆತ್ತಿದ ಮೇಲೆ ಗೆರೆಯ ಅಂಚು ಕೈಗೆ ತರಿತರಿಯಾಗಿ ತಾಗುತ್ತದೆ, ಅದನ್ನು ಸವರಿ ನುಣುಪು ಮಾಡುವುದು ಕೆಲಸದ ಭಾಗವೇ.

ಬೇಕಾದ ಸಾಮಾನು

ಮೇಕರ್ ಸರಣಿಯ ಮಷೀನ್ ಇದ್ದರೆ ಕಂಪನಿಯದ್ದೇ ಕೆತ್ತನೆ ಮೊನೆ ಸಿಗುತ್ತದೆ, ಅದರ ಮೇಲೆ 41 ಎಂಬ ಸಂಖ್ಯೆ ಇರುತ್ತದೆ. ಅದು ಕ್ವಿಕ್‌ಸ್ವಾಪ್ ಹೌಸಿಂಗ್ ಎಂಬ ಹಿಡಿಯೊಳಗೆ ಕೂರುತ್ತದೆ. ಮೇಲಿನ ಗುಂಡಿ ಒತ್ತಿ, ಮೊನೆಯನ್ನು ಹಲ್ಲುಚಕ್ರದ ಸಂದಿಗೆ ಹೊಂದಿಸಿ ಬಿಟ್ಟರೆ ಸಿಕ್ಕಿಕೊಳ್ಳುತ್ತದೆ. ಕೊಂಚ ಎಳೆದು ನೋಡಿ, ಸಡಿಲವಿದ್ದರೆ ಮತ್ತೆ ಕೂರಿಸಿ. ಮಷೀನ್‌ನಲ್ಲಿ ಪೆನ್, ಬ್ಲೇಡ್ ಸಿಕ್ಕಿಸಲು ಎ, ಬಿ ಎಂಬ ಎರಡು ಹಿಡಿಕೆಗಳಿವೆ (ಕ್ಲ್ಯಾಂಪ್), ಹೌಸಿಂಗ್ ಹೋಗುವುದು ಬಿ ಕ್ಲ್ಯಾಂಪ್‌ಗೆ.

ಎಕ್ಸ್‌ಪ್ಲೋರ್ ಸರಣಿಯ ಮಷೀನ್‌ಗಳಿಗೆ ಈ 41 ಮೊನೆ ಹೊಂದುವುದಿಲ್ಲ. ಅವುಗಳಿಗೆ ಬೇರೆಯವರು ಮಾಡುವ, ಪೆನ್ನಿನ ಜಾಗದಲ್ಲಿ ಕೂರುವ ವಜ್ರದ ಮೊನೆಗಳಿವೆ. ಅವನ್ನು ಬಳಸುವಾಗ ಸಾಫ್ಟ್‌ವೇರ್‌ನಲ್ಲಿ ಕೆತ್ತನೆಯ ಬದಲು ಪೆನ್ ಎಂದು ಆರಿಸಬೇಕು. ಮೇಕರ್ 4 ಕೆ.ಜಿ.ವರೆಗೆ ಒತ್ತಬಲ್ಲದು, ಎಕ್ಸ್‌ಪ್ಲೋರ್‌ನ ಒತ್ತಡ ಸುಮಾರು ಅದರ ಹತ್ತನೇ ಒಂದು ಪಾಲು. ಆದ್ದರಿಂದ ಅದರಲ್ಲಿ ಅಲ್ಯೂಮಿನಿಯಂ, ತಾಮ್ರಕ್ಕಿಂತ ಗಟ್ಟಿಯಾದದ್ದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಉಳಿದವು: ನೇರಳೆ ಬಣ್ಣದ ಸ್ಟ್ರಾಂಗ್‌ಗ್ರಿಪ್ ಮ್ಯಾಟ್ (ವಸ್ತುವನ್ನು ಅಂಟಿಸಿ ಮಷೀನ್‌ಗೆ ಕೊಡುವ ಅಂಟುಹಾಳೆ, 12 × 12 ಇಂಚಿನದು), ತೆಳುವಾದ ಎರಡು ಬದಿ ಅಂಟಿನ ಟಿಶ್ಯೂ ಟೇಪ್, ಮಾಸ್ಕಿಂಗ್ ಟೇಪ್, 250ರಿಂದ 300 ಜಿಎಸ್ಎಂ ದಪ್ಪದ ಕಾರ್ಡ್ ಹಾಳೆ, ತೆಳು ಮೊನೆಯ ಪೆನ್, ವರ್ನಿಯರ್ ಕ್ಯಾಲಿಪರ್, ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬಟ್ಟೆ, ಕಣ್ಣಿಗೆ ಕನ್ನಡಕ. ಟೇಪ್ ವಿಷಯದಲ್ಲಿ ಒಂದು ಮಾತು. ಫೋಮ್ ಇರುವ ದಪ್ಪ ಟೇಪ್ ಖಂಡಿತ ಬೇಡ. ಮೊನೆ ಒತ್ತಿದ ಕಡೆ ಫೋಮ್ ತಗ್ಗುತ್ತದೆ, ಬಿಲ್ಲೆ ತೊಟ್ಟಿಲಿನಂತೆ ತೂಗಿ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ಮಾಯ.

ಯಾವ ಲೋಹ

ಅಲ್ಯೂಮಿನಿಯಂ ಕಲಿಯುವವರಿಗೆ ಹೇಳಿಮಾಡಿಸಿದ್ದು. ಬಣ್ಣ ಹಾಕಿ ಆನೋಡೈಸ್ ಮಾಡಿದ ಬಿಲ್ಲೆಯಾದರೆ ಇನ್ನೂ ಉತ್ತಮ, ಮೊನೆ ಮೇಲಿನ ಬಣ್ಣದ ಪದರ ಸೀಳಿದ ಕಡೆ ಒಳಗಿನ ಬೆಳ್ಳಗಿನ ಲೋಹ ಕಾಣುತ್ತದೆ, ಬಣ್ಣ ತುಂಬುವ ಗೋಜೇ ಇಲ್ಲ. ತಾಮ್ರ ಮೆದು, ಗೆರೆ ಸೊಗಸಾಗಿ ಬರುತ್ತದೆ. ಹಿತ್ತಾಳೆ ಸ್ವಲ್ಪ ಗಟ್ಟಿ. ಬೆಳ್ಳಿಯಲ್ಲಿ 999 ಶುದ್ಧತೆಯದು ಬಲು ಮೃದು, 925 ಅದಕ್ಕಿಂತ ಗಟ್ಟಿ, ಎರಡಕ್ಕೂ ಕೆತ್ತನೆ ಚೆನ್ನಾಗಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಗೆರೆ ಬೀಳುತ್ತದೆ, ಆದರೆ ಗೀರಿನಷ್ಟೇ ತೆಳುವಾಗಿ, ಮೊನೆಯೂ ಬೇಗ ಮೊಂಡಾಗುತ್ತದೆ.

ಅದೇ ಗೆರೆಯ ಮೇಲೆ ಮೊನೆಯನ್ನು ಎಷ್ಟು ಸುತ್ತು ಎಳೆಯಬೇಕು ಎಂಬುದಕ್ಕೆ ಆರಂಭದ ಅಂದಾಜು ಹೀಗೆ: ಅಲ್ಯೂಮಿನಿಯಂ 1ರಿಂದ 2, ತಾಮ್ರ 2, ಹಿತ್ತಾಳೆ ಮತ್ತು 925 ಬೆಳ್ಳಿ 2ರಿಂದ 3, ಸ್ಟೀಲ್ 3ರಿಂದ 4. ಅಂತಿಮ ಲೆಕ್ಕ ನಿಮ್ಮ ಬಿಲ್ಲೆಯ ಹಿಂಬದಿಯಲ್ಲಿ ಪರೀಕ್ಷಿಸಿ ತಿಳಿದದ್ದೇ.

ಚಿನ್ನದ ನೀರು ಕೊಟ್ಟ ಆಭರಣವನ್ನು ದೂರವಿಡಿ. ಮೊನೆ ಮೇಲ್ಪದರ ಸೀಳಿ ಒಳಗಿನ ಹಿತ್ತಾಳೆಯನ್ನೋ ತಾಮ್ರವನ್ನೋ ತೆರೆದಿಡುತ್ತದೆ, ಬೆವರು ತಾಗಿ ಅಲ್ಲಿಂದಲೇ ಪದರ ಏಳತೊಡಗುತ್ತದೆ. ನಿಜವಾದ ಚಿನ್ನ 22 ಕ್ಯಾರೆಟ್‌ನದಾದರೆ ಮೃದುವಾಗಿಯೇ ಇರುತ್ತದೆ, ಆದರೆ ಹಾಲ್‌ಮಾರ್ಕ್ ಇರುವ ಜಾಗವನ್ನು ಮುಟ್ಟಬಾರದು. ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆಯ ಗುರುತು, ಪ್ರತಿ ಆಭರಣಕ್ಕೂ ಬೇರೆಬೇರೆಯಾದ ಆರು ಅಕ್ಷರ–ಅಂಕಿಗಳ ಗುರುತಾದ ಎಚ್‌ಯುಐಡಿ, ಈ ಮೂರೂ ಇರುವ ಆಭರಣವನ್ನಷ್ಟೇ ಹಾಲ್‌ಮಾರ್ಕ್ ಆಭರಣವೆಂದು ಅಂಗಡಿಯವರು ಮಾರಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗುರುತಿನ ಮೇಲೆ ಗೆರೆ ಹಾಯ್ದರೆ ಮುಂದೆ ಮಾರುವಾಗ, ಅಡವಿಡುವಾಗ ತಕರಾರು. ಭೂತಗನ್ನಡಿ ಹಿಡಿದು ಗುರುತು ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಬಿಲ್ಲೆಯ ದಪ್ಪ ಮ್ಯಾಟ್‌ನಿಂದ ಮೇಲಕ್ಕೆ 2.4 ಮಿ.ಮೀ. ಮೀರಬಾರದು, ಅದಕ್ಕಿಂತ ದಪ್ಪವಾದದ್ದು ಮಷೀನ್‌ನ ಕೆಳಗೆ ತೂರುವುದಿಲ್ಲ. 0.8ರಿಂದ 1 ಮಿ.ಮೀ. ಹಿತವಾದ ದಪ್ಪ. ಮೇಲ್ಮೈ ಚಪ್ಪಟೆಯಾಗಿರಲೇಬೇಕು. ಉಬ್ಬಿದ ಬಿಲ್ಲೆ, ಗುಂಡಗಿನ ಬಳೆ, ಸಿದ್ಧ ಉಂಗುರ, ಇವು ಈ ಮಷೀನ್‌ನ ಕೆಲಸವಲ್ಲ. ಮಾರುಕಟ್ಟೆಯ ಹೊಳಪು ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿರುವುದು ಸಾಮಾನ್ಯ. ಉಗುರಿನಿಂದ ಅಂಚು ಕೆರೆದು ನೋಡಿ. ಮುಂಬದಿಯದನ್ನು ತೆಗೆಯಿರಿ, ಹಿಂಬದಿಯದನ್ನೂ ತೆಗೆಯಿರಿ. ಹಿಂದಿನ ಹಾಳೆ ಉಳಿದರೆ ಟೇಪ್ ಹಾಳೆಯನ್ನು ಹಿಡಿದಿರುತ್ತದೆ, ಬಿಲ್ಲೆ ಹಾಳೆಯ ಮೇಲೆ ಜಾರುತ್ತದೆ.

ಅಕ್ಷರ ಸಿದ್ಧಮಾಡುವುದು

ಸಾಮಾನ್ಯ ಫಾಂಟ್‌ನ ಅಕ್ಷರವೆಂದರೆ ಹೊರಗೆರೆಯೊಂದರ ಒಳಗೆ ಬಣ್ಣ ತುಂಬಿದ ಆಕೃತಿ. ಮಷೀನ್‌ಗೆ ಬಣ್ಣ ಕಾಣುವುದಿಲ್ಲ, ಹೊರಗೆರೆ ಮಾತ್ರ ಕಾಣುತ್ತದೆ. ಅದು ಅಕ್ಷರದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತದೆ. ಪೋಸ್ಟರ್ ಗಾತ್ರದಲ್ಲಿ ಇದು ಟೊಳ್ಳಕ್ಷರವಾಗಿ ಚಂದವೇ ಕಾಣಬಹುದು, 5 ಮಿ.ಮೀ. ಅಕ್ಷರದಲ್ಲಿ ಎರಡು ಗೆರೆಗಳು ಒಂದಕ್ಕೊಂದು ತಾಗಿ ಗೋಜಲಾಗುತ್ತವೆ. ಇಂಗ್ಲಿಷ್ ಹೆಸರಾದರೆ ಕ್ರಿಕಟ್ ಮಷೀನ್ ನಡೆಸುವ ಸಾಫ್ಟ್‌ವೇರ್ ಆದ ಡಿಸೈನ್ ಸ್ಪೇಸ್‌ನ ಫಾಂಟ್ ಪಟ್ಟಿಯಲ್ಲಿ ‘ರೈಟಿಂಗ್’ ಶೈಲಿ ಇರುವವನ್ನು ಸೋಸಿ ಆರಿಸಿದರೆ ಮುಗಿಯಿತು. ಕನ್ನಡಕ್ಕೆ ಆ ಅನುಕೂಲವಿಲ್ಲ. ಒತ್ತಕ್ಷರಗಳು ಅಲ್ಲಿ ಬಿಡಿಬಿಡಿಯಾಗದೆ ಸರಿಯಾಗಿ ಬಂದರೂ ಅವು ಹೊರಗೆರೆಯ ಅಕ್ಷರಗಳೇ. ಹಾಗಾಗಿ ಅಕ್ಷರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಸಿದ್ಧಮಾಡಿ ಎಸ್‌ವಿಜಿ (ಗೆರೆಯನ್ನು ಗೆರೆಯಾಗಿಯೇ ಉಳಿಸುವ) ಕಡತವಾಗಿ ತರುವುದೇ ದಾರಿ. ಇಂಕ್‌ಸ್ಕೇಪ್ ಉಚಿತ, ಯೂನಿಕೋಡ್ ಕನ್ನಡವನ್ನು ಒತ್ತು, ದೀರ್ಘಗಳ ಸಮೇತ ಸರಿಯಾಗಿ ತೋರಿಸುತ್ತದೆ.

ಎರಡು ವಿಧಾನಗಳಿವೆ.

ಒಂದು, ನಡುಗೆರೆ ತೆಗೆಯುವುದು. ನೋಟೋ ಸಾನ್ಸ್ ಕನ್ನಡದ ಅತಿ ತೆಳುವಾದ ‘ಥಿನ್’ ರೂಪದಲ್ಲಿ ಹೆಸರನ್ನು ದೊಡ್ಡದಾಗಿ, 200 ಪಾಯಿಂಟ್‌ನಷ್ಟು ಗಾತ್ರದಲ್ಲಿ ಟೈಪ್ ಮಾಡಿ. ಎಡಿಟ್ ಮೆನುವಿನಲ್ಲಿ ಮೇಕ್ ಎ ಬಿಟ್‌ಮ್ಯಾಪ್ ಕಾಪಿ ಕೊಡಿ. ಆ ಪ್ರತಿಯನ್ನು ಆರಿಸಿ ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್‌ಗೆ ಹೋಗಿ, ಸಿಂಗಲ್ ಸ್ಕ್ಯಾನ್‌ನಲ್ಲಿ ಸೆಂಟರ್‌ಲೈನ್ ಟ್ರೇಸಿಂಗ್ ಆರಿಸಿ ಅನ್ವಯಿಸಿ. ಬಂದ ಪಾತ್‌ಗೆ (ಅಂದರೆ ಗೆರೆಗೆ) ಫಿಲ್ ಎಂಬ ಒಳಬಣ್ಣ ತೆಗೆದು ಸ್ಟ್ರೋಕ್ ಎಂಬ ಗೆರೆಬಣ್ಣ ಕೊಡಿ, ಕಂಟ್ರೋಲ್ ಮತ್ತು ಎಲ್ ಒತ್ತಿ ಸರಳಗೊಳಿಸಿ. ಗೆರೆಗಳು ಕೂಡುವ ಕಡೆ ಇದು ಸಣ್ಣ ಮುಳ್ಳುಗಳನ್ನು ಬಿಡುತ್ತದೆ, ತಲೆಕಟ್ಟು ಮೈಗೆ ಸೇರುವ ಜಾಗದಲ್ಲಂತೂ ಹೆಚ್ಚು. ನೋಡ್‌ಗಳನ್ನು, ಅಂದರೆ ಗೆರೆಯ ಆಕಾರ ಹಿಡಿದಿಡುವ ಬಿಂದುಗಳನ್ನು, ತಿದ್ದುವ ನೋಡ್ ಟೂಲ್‌ನಿಂದ ಒಂದೊಂದಾಗಿ ಅಳಿಸಬೇಕು.

ಇನ್ನೊಂದು, ಕೈಯಲ್ಲೇ ತಿದ್ದುವುದು. ಟೈಪ್ ಮಾಡಿದ ಹೆಸರನ್ನು ತಿಳಿ ಬೂದು ಬಣ್ಣಕ್ಕೆ ತಂದು ಆ ಲೇಯರ್‌ಗೆ ಬೀಗ ಹಾಕಿ. ಮೇಲೊಂದು ಹೊಸ ಲೇಯರ್ ತೆರೆದು ಬೆಜಿಯರ್ ಪೆನ್ನಿನಿಂದ ಅಕ್ಷರದ ನಡುವಿನಲ್ಲಿ ಗೆರೆ ಎಳೆಯಿರಿ. ಸ್ಲೇಟಿನ ಮೇಲೆ ತಿದ್ದಿದ ಕ್ರಮದಲ್ಲೇ ಎಳೆಯಿರಿ, ಎಲ್ಲಿ ಕೈ ಎತ್ತದೆ ಬರೆಯುತ್ತೀರೋ ಅಲ್ಲಿ ಪಾತ್ ಕೂಡ ತುಂಡಾಗದಿರಲಿ. ನಾಲ್ಕೈದು ಅಕ್ಷರದ ಹೆಸರಿಗೆ ಈ ಎರಡನೆಯ ವಿಧಾನವೇ ಮೇಲು. ಮೊನೆ ಪ್ರತಿ ಸಲ ಇಳಿದ ಕಡೆಯೂ ಎದ್ದ ಕಡೆಯೂ ಒಂದು ಸಣ್ಣ ಚುಕ್ಕೆ ಉಳಿಯುತ್ತದೆ, ಪಾತ್ ತುಂಡುಗಳು ಕಡಿಮೆಯಾದಷ್ಟೂ ಚುಕ್ಕೆಗಳು ಕಡಿಮೆ. ಕನ್ನಡದ ದುಂಡು ಅಕ್ಷರ ಎಳೆಯುವ ಮೊನೆಗೆ ಬಹಳ ಒಗ್ಗುತ್ತದೆ. ಅ, ಲ, ಣ ಮುಂತಾದವನ್ನು ನೋಡ್ ಕಡಿಮೆ ಇಟ್ಟು ಎಳೆದರೆ ಲೋಹದ ಮೇಲೆ ಹರಿದಂತೆ ಕಾಣುತ್ತವೆ.

ಈಗ ‘ಧನ್ಯ’ವನ್ನೇ ಹತ್ತಿರದಿಂದ ನೋಡೋಣ. ಧ ಎಂದರೆ ದ-ದ ಮೈ, ತಲೆಕಟ್ಟು, ಜೊತೆಗೆ ಕೆಳಗೊಂದು ಪುಟ್ಟ ಸೀಳು. 5 ಮಿ.ಮೀ. ಎತ್ತರದ ಅಕ್ಷರದಲ್ಲಿ ಫಾಂಟ್ ಆ ಸೀಳನ್ನು 1 ಮಿ.ಮೀ. ಆಸುಪಾಸಿಗೆ ಇಳಿಸುತ್ತದೆ. ಹಿತ್ತಾಳೆಯ ಮೇಲೆ ಅಷ್ಟು ಚಿಕ್ಕ ಗೆರೆ, ಸುತ್ತ ಎದ್ದ ತರಿಯ ನಡುವೆ ಕಾಣುವುದೇ ಇಲ್ಲ, ಹೆಸರು ‘ದನ್ಯ’ವಾಗಿಬಿಡುತ್ತದೆ. ನಡುಗೆರೆ ತೆಗೆಯುವ ವಿಧಾನದಲ್ಲಿ ಸೀಳನ್ನು ಮುಳ್ಳೆಂದು ತಿಳಿದು ಅಳಿಸುವ ಅಪಾಯವೂ ಉಂಟು. ಆದ್ದರಿಂದ ಸೀಳನ್ನು ಬೇಕೆಂದೇ 1.5 ಮಿ.ಮೀ.ಗೆ ಉದ್ದ ಮಾಡಿ, ಮೈಗೆರೆಯಿಂದ ಸ್ವಲ್ಪ ಹೊರಗೂ ಚಾಚಿಸಿ. ಭ, ಘ, ಫ, ಢಗಳಿಗೂ ಇದೇ ಮಾತು. ಭವ್ಯ, ಮೇಘ, ರಾಧ ಇಂಥ ಹೆಸರುಗಳಲ್ಲಿ ಇದನ್ನು ಎರಡು ಸಲ ನೋಡಿ.

ಮುಂದೆ ನ್ಯ. ಯ-ಒತ್ತು ನ-ದ ಬಲಕ್ಕೆ ಇಳಿದು ಕೊಕ್ಕೆಯಾಗುತ್ತದೆ. ಅದು ನ-ದ ಮೈಯನ್ನು ತಾಗದಂತೆ ಕನಿಷ್ಠ ಅರ್ಧ ಮಿ.ಮೀ. ಅಂತರ ಬಿಡಿ. ಅದಕ್ಕಿಂತ ಹತ್ತಿರ ಬಂದ ಗೆರೆಗಳ ಏರಿಗಳು ಕೂಡಿಕೊಂಡು ಒಂದೇ ಗೀಚಾಗಿ ಕಾಣುತ್ತವೆ. ಒತ್ತಿನೊಳಗಿನ ಸುರುಳಿಗಳಿಗೂ ಇದೇ ಅಳತೆ. ‘ಕೃಷ್ಣ’ದ ಣ-ಒತ್ತು, ‘ಹರ್ಷ’ದ ಅರ್ಕಾವತ್ತು ಫಾಂಟ್ ಕೊಟ್ಟ ಗಾತ್ರದಲ್ಲಿ ಬಿಟ್ಟರೆ ಮುಚ್ಚಿಹೋಗುತ್ತವೆ, ಅವನ್ನು ಕಾಲು ಪಾಲಿನಷ್ಟು ದೊಡ್ಡದು ಮಾಡಿ. ‘ಲಕ್ಷ್ಮಿ’ಯಂತೆ ಒತ್ತಿನ ಕೆಳಗೆ ಒತ್ತು ಬರುವ ಹೆಸರಿಗೆ 25 ಮಿ.ಮೀ. ಬಿಲ್ಲೆ ಇಕ್ಕಟ್ಟು, 30 ಮಿ.ಮೀ. ತೆಗೆದುಕೊಳ್ಳಿ.

ಮನೆಯ ಹಿರಿಯರ ಕೈಬರಹವನ್ನೇ ಡಾಲರ್ ಮೇಲೆ ಇಳಿಸುವುದಕ್ಕೂ ನಡುಗೆರೆಯ ವಿಧಾನ ಸಾಕು. ಅಜ್ಜಿ ಹಳೆಯ ಕಾಗದದಲ್ಲಿ ಮಾಡಿದ ಸಹಿಯನ್ನು ನೆರಳು ಬೀಳದ ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆದು, ಕಪ್ಪು–ಬಿಳುಪು ಮಾಡಿ ಟ್ರೇಸ್‌ಗೆ ಕೊಟ್ಟರೆ ಒಂದೇ ಗೆರೆಯ ಬರಹ ಕೈಗೆ ಬರುತ್ತದೆ. ಯಾವ ಫಾಂಟೂ ಇದಕ್ಕೆ ಸಮನಲ್ಲ.

25 ಮಿ.ಮೀ. ಬಿಲ್ಲೆಯ ಅಂಚಿನಿಂದ 2 ಮಿ.ಮೀ., ಕೊಂಡಿಯ ತೂತಿನಿಂದ 3 ಮಿ.ಮೀ. ಖಾಲಿ ಬಿಡಬೇಕು. ಹೀಗೆ ‘ಧನ್ಯ’ಕ್ಕೆ 16 ಮಿ.ಮೀ. ಅಗಲ, ಮೂಲಾಕ್ಷರಕ್ಕೆ 5ರಿಂದ 6 ಮಿ.ಮೀ. ಎತ್ತರ ಆರಾಮವಾಗಿ ಸಿಗುತ್ತದೆ. ಕಡತವನ್ನು ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ.

ಡಿಸೈನ್ ಸ್ಪೇಸ್‌ನಲ್ಲಿ

ಎಸ್‌ವಿಜಿ ಒಳಗೆ ತಂದ ಕೂಡಲೇ ಅಗಲ ನೋಡಿ. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಬರುವಾಗ ಅಳತೆ ಬದಲಾಗುವುದುಂಟು. ಬೀಗದ ಗುರುತು ಹಾಕಿರುವಂತೆಯೇ ಅಗಲಕ್ಕೆ 1.6 ಸೆಂ.ಮೀ. ಎಂದು ಬರೆಯಿರಿ. ಬಿಲ್ಲೆಯನ್ನು ಕ್ಯಾಲಿಪರ್‌ನಲ್ಲಿ ಅಳೆದು, ಅದಕ್ಕಿಂತ 0.2 ಮಿ.ಮೀ. ದೊಡ್ಡದಾದ ವೃತ್ತ ಸೇರಿಸಿ. ಇಲ್ಲಿ 2.52 ಸೆಂ.ಮೀ. ವೃತ್ತದ ಆಪರೇಶನ್ ಬೇಸಿಕ್ ಕಟ್, ಹೆಸರಿನದು ಸದ್ಯಕ್ಕೆ ಪೆನ್. ಹೆಸರು ವೃತ್ತದ ನಡುವಿರಲಿ. ತೂತು ಇರುವ ಬಿಲ್ಲೆಯಾದರೆ ನಟ್ಟನಡುವೆಗಿಂತ 1ರಿಂದ 2 ಮಿ.ಮೀ. ಕೆಳಗಿಟ್ಟರೆ ಕಣ್ಣಿಗೆ ನಡುವೆ ಕಾಣುತ್ತದೆ.

ಹಿತ್ತಾಳೆಗೆ ಮೂರು ಸುತ್ತು ಬೇಕೆಂದರೆ ಹೆಸರನ್ನು ಎರಡು ಸಲ ಡುಪ್ಲಿಕೇಟ್ ಮಾಡಿ, ಮೂರನ್ನೂ ಆರಿಸಿ ಅಲೈನ್ ಮೆನುವಿನ ಸೆಂಟರ್ ಒತ್ತಿ. ಮೂರೂ ಒಂದರ ಮೇಲೊಂದು ಕೂರುತ್ತವೆ, ಒಂದೇ ಓಟದಲ್ಲಿ ಮೂರು ಸುತ್ತು ಮುಗಿಯುತ್ತದೆ. ಬಳಿಕ ಹೆಸರುಗಳನ್ನೂ ವೃತ್ತವನ್ನೂ ಒಟ್ಟಿಗೆ ಆರಿಸಿ ಅಟ್ಯಾಚ್ ಕೊಡಿ. ಅಟ್ಯಾಚ್ ಮರೆತರೆ ಮುಂದಿನ ಪರದೆಯಲ್ಲಿ ಹೆಸರು ಒಂದು ಮೂಲೆಗೆ, ವೃತ್ತ ಇನ್ನೊಂದು ಮೂಲೆಗೆ.

ಬಿಲ್ಲೆ ಕೂರಿಸುವ ಅಚ್ಚು

ಹೊಸಬರ ಬಿಲ್ಲೆಗಳು ಹಾಳಾಗುವುದು ಇಲ್ಲೇ. ಮ್ಯಾಟ್‌ನ ಚೌಕಗಳನ್ನು ನೋಡಿ ಕಣ್ಣಳತೆಯಲ್ಲಿ ಬಿಲ್ಲೆ ಅಂಟಿಸಿದರೆ ಹೆಸರು ಒಂದೆರಡು ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, 25 ಮಿ.ಮೀ. ಬಿಲ್ಲೆಯಲ್ಲಿ ಅಷ್ಟು ಸಾಕು ಕಣ್ಣಿಗೆ ಚುಚ್ಚಲು. ಅಳೆಯುವ ಬದಲು ಮಷೀನ್‌ನಿಂದಲೇ ಅಚ್ಚು ಮಾಡಿಸಿಕೊಳ್ಳಿ.

ಕಾರ್ಡ್ ಹಾಳೆಯನ್ನು ಮ್ಯಾಟ್ ಮೇಲೆ ಗಟ್ಟಿಯಾಗಿ ಅಂಟಿಸಿ. ಮೇಕ್ ಇಟ್ ಒತ್ತಿ, ಆಕೃತಿಯನ್ನು ಮ್ಯಾಟ್‌ನ ಅಂಚುಗಳಿಂದ ಒಳಕ್ಕೆ, ಮ್ಯಾಟ್ ಗೆರೆಗಳು ಸರಿಯಾಗಿ ಕೂಡುವ ಒಂದು ಜಾಗಕ್ಕೆ ಎಳೆದಿಡಿ. ಆ ಜಾಗದ ಅಂಕಿಗಳನ್ನು ಬರೆದುಕೊಳ್ಳಿ. ಎ ಕ್ಲ್ಯಾಂಪ್‌ಗೆ ಪೆನ್, ಬಿ-ಗೆ ಬ್ಲೇಡ್. ಮಷೀನ್ ಮೊದಲು ಹೆಸರನ್ನು ಪೆನ್ನಿನಲ್ಲಿ ಬರೆದು, ಆಮೇಲೆ ಸುತ್ತ ವೃತ್ತ ಕತ್ತರಿಸುತ್ತದೆ. ಒಳಗಿನ ಕಾರ್ಡ್ ಬಿಲ್ಲೆ ಎಬ್ಬಿಸಿ ತೆಗೆಯಿರಿ. ಅದೇ ನಿಮ್ಮ ಕರಡು ಪ್ರತಿ: ಸೀಳು ಕಾಣುತ್ತಿದೆಯೇ, ಒತ್ತು ತಾಗಿದೆಯೇ, ಹೆಸರು ನಡುವಿದೆಯೇ ಎಂದು ಲೋಹಕ್ಕೆ ಕೈ ಹಚ್ಚುವ ಮುಂಚೆ ಇಲ್ಲೇ ತೀರ್ಮಾನಿಸಿ. ಹೆಸರು ಯಾರದೋ ಅವರಿಗೇ ಈ ಕಾರ್ಡನ್ನು ತೋರಿಸುವುದು ಒಳ್ಳೆಯ ರೂಢಿ.

ಈಗ ಮ್ಯಾಟ್ ಮೇಲೆ ಬಿಲ್ಲೆಯಷ್ಟೇ ಗಾತ್ರದ ಗುಂಡಿ ಉಳಿದಿದೆ. ಸ್ಕೇಲನ್ನು ಮ್ಯಾಟ್‌ನ ಉದ್ದಗೆರೆಗೆ ಸಮಾನಾಂತರ ಹಿಡಿದು, ಗುಂಡಿಯ ನಡುವಿನಿಂದ ಮೇಲಕ್ಕೆ ಕಾರ್ಡ್ ಮೇಲೆ ಪೆನ್ಸಿಲ್ ಗುರುತು ಹಾಕಿ, ಕೊಂಡಿಯ ತೂತು ಅದರ ನೇರಕ್ಕೆ ಬರಬೇಕು. ಬಿಲ್ಲೆಯ ಎರಡೂ ಬದಿಯನ್ನು ಆಲ್ಕೋಹಾಲ್‌ನಿಂದ ಒರೆಸಿ. ಬೆರಳಿನ ಜಿಡ್ಡು ಉಳಿದರೆ ಟೇಪ್ ಹಿಡಿಯುವುದಿಲ್ಲ. ಹಿಂಬದಿಗೆ ಪೂರ್ತಿ ಟಿಶ್ಯೂ ಟೇಪ್ ಹಚ್ಚಿ ಗುಂಡಿಯೊಳಗೆ ಕೂರಿಸಿ, ಬಟ್ಟೆಯ ಮೇಲಿನಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ. ಅಕ್ಷರ ಹಾಯದ ಅಂಚಿಗೆ ಮೇಲೆ, ಕೆಳಗೆ ಒಂದೊಂದು ಮಾಸ್ಕಿಂಗ್ ಟೇಪ್ ಪಟ್ಟಿ ಹಾಕಿ. ಮೊನೆ ಟೇಪ್ ಮೇಲೆ ಹತ್ತಿದರೆ ಅಂಟು ಮೆತ್ತಿಕೊಂಡು ಗೆರೆ ಕೆಡುತ್ತದೆ. ಕೊನೆಗೆ ಬಿಲ್ಲೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಒಂದಿಷ್ಟು ಕದಲಿದರೂ ಮತ್ತೆ ಅಂಟಿಸಿ.

ಕೆತ್ತನೆ

ಮಷೀನ್‌ನ ರೋಲರ್ ಕಂಬಿಯ ಮೇಲಿನ ನಾಲ್ಕು ಬಿಳಿ ನಕ್ಷತ್ರಚಕ್ರಗಳನ್ನು ಬಲತುದಿಗೆ ಸರಿಸಿ. ಇಲ್ಲದಿದ್ದರೆ ಅವು ಬಿಲ್ಲೆಯ ಮೇಲೆ ಉರುಳಿ ಗುರುತು ಬಿಡುತ್ತವೆ. ಹೆಸರುಗಳ ಆಪರೇಶನ್ ಅನ್ನು ಪೆನ್‌ನಿಂದ ಎನ್‌ಗ್ರೇವ್‌ಗೆ ಬದಲಿಸಿ, ವೃತ್ತವನ್ನು ಹಾಗೆಯೇ ಬಿಡಿ. ಅದು ಇದ್ದರಷ್ಟೇ ಹೆಸರಿನ ಜಾಗ ಮೊದಲಿನಂತೆ ಉಳಿಯುತ್ತದೆ. ಮೇಕ್ ಇಟ್ ಒತ್ತಿದ ಮೇಲೆ ಆಕೃತಿ ಬರೆದಿಟ್ಟ ಅಂಕಿಗಳಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ವಸ್ತುವಿನ ಪಟ್ಟಿಯಲ್ಲಿ ನಿಮ್ಮ ಲೋಹಕ್ಕೆ ಹತ್ತಿರವಾದದ್ದನ್ನು ಆರಿಸಿ, ಹಿತ್ತಾಳೆ, ಬೆಳ್ಳಿಗೆ ಪ್ರೆಷರ್ ಎಂಬಲ್ಲಿ ‘ಮೋರ್’ ಕೊಡಿ. 41 ಮೊನೆಯನ್ನು ಬಿ ಕ್ಲ್ಯಾಂಪ್‌ಗೆ ಹಾಕಿ. ಮ್ಯಾಟ್ ಒಳಬಿಡುವಾಗ ಎರಡೂ ಮಾರ್ಗದರ್ಶಿ ಹಲ್ಲುಗಳ ಕೆಳಗೆ ಸಮನಾಗಿ, ರೋಲರ್‌ಗೆ ತಾಗುವಷ್ಟು ತಳ್ಳಿ ಹಿಡಿಯಿರಿ. ಓರೆಯಾಗಿ ಹೊಕ್ಕರೆ ಅಚ್ಚು ಮಾಡಿದ್ದೆಲ್ಲ ವ್ಯರ್ಥ.

ಓಡುವಾಗ ಕಿರುಗುಟ್ಟುವ ಸದ್ದು ಬರುತ್ತದೆ, ಹೆದರಬೇಡಿ. ಕನ್ನಡಕ ಹಾಕಿಕೊಂಡಿರಿ. ಎದ್ದ ಲೋಹದ ಪುಡಿಯನ್ನು ಬಾಯಿಂದ ಊದಬೇಡಿ, ಕಣ್ಣಿಗೂ ಮಷೀನ್ ಒಳಗೂ ಹೋಗುತ್ತದೆ. ಕೆತ್ತನೆ ಮುಗಿದ ಮೇಲೆ ಬ್ಲೇಡ್ ಹಾಕಿ ಎಂದು ಪರದೆ ಕೇಳುತ್ತದೆ, ಹಾಕಬೇಡಿ. ಗೋ ಗುಂಡಿಯನ್ನೂ ಮುಟ್ಟದೆ ಮ್ಯಾಟ್ ಹೊರಬಿಡುವ ಗುಂಡಿ ಒತ್ತಿ ಕೆಲಸ ರದ್ದುಮಾಡಿ. ಪುಡಿಯನ್ನು ಮಾಸ್ಕಿಂಗ್ ಟೇಪ್ ತುಂಡಿನಿಂದ ಒತ್ತಿ ಎತ್ತಿ. ಮ್ಯಾಟನ್ನು ಬೋರಲು ಹಾಕಿ ಮ್ಯಾಟನ್ನೇ ಬಾಗಿಸುತ್ತಾ ಬಿಲ್ಲೆ ಬಿಡಿಸಿ. ಬಿಲ್ಲೆ ಹಿಡಿದು ಎಳೆದರೆ ತೆಳು ಲೋಹ ಬಾಗಿಹೋಗುತ್ತದೆ.

ಕೆಟ್ಟರೆ ಏಕೆ ಕೆಟ್ಟಿತು

ಗೆರೆ ಜೋಡಿಯಾಗಿ ಕಂಡರೆ ಎರಡು ಕಾರಣಗಳಿವೆ, ಅವನ್ನು ಬೇರ್ಪಡಿಸಿ ನೋಡಬೇಕು. ಜೋಡಿ ಗೆರೆಗಳು ಅಕ್ಷರದ ತುದಿಯಲ್ಲಿ ಕೂಡಿ ಮುಚ್ಚಿಕೊಂಡಿದ್ದರೆ ಅದು ಹೊರಗೆರೆಯ ಫಾಂಟ್. ಇಡೀ ಹೆಸರು ಒಂದೇ ದಿಕ್ಕಿಗೆ ಸರಿದು ನೆರಳಿನಂತೆ ಎರಡಾಗಿದ್ದರೆ ಸುತ್ತುಗಳ ನಡುವೆ ಬಿಲ್ಲೆ ಜಾರಿದೆ, ಅಥವಾ ಪ್ರತಿಗಳು ಸರಿಯಾಗಿ ಸೆಂಟರ್ ಆಗಿಲ್ಲ.

ಹೆಸರಿನ ಒಂದು ಬದಿ ಆಳ, ಇನ್ನೊಂದು ಬದಿ ಮಸುಕು ಎಂದರೆ ಬಿಲ್ಲೆ ಚಪ್ಪಟೆಯಿಲ್ಲ, ಇಲ್ಲವೇ ಟೇಪ್ ಒಂದೆಡೆ ಮಡಿಚಿಕೊಂಡಿದೆ. ಅಚ್ಚೊತ್ತಿ ಕತ್ತರಿಸಿದ ಅಗ್ಗದ ಬಿಲ್ಲೆಗಳು ನಡುವೆ ತುಸು ಉಬ್ಬಿರುತ್ತವೆ. ಗಾಜಿನ ಮೇಲಿಟ್ಟು ಅಂಚು ಒತ್ತಿ, ತೂಗಿದರೆ ಎರಡು ಮರದ ಹಲಗೆಗಳ ನಡುವೆ ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ. ಇಡೀ ಹೆಸರು ಸಮನಾಗಿ ಮಸುಕಾದರೆ ಸುತ್ತು ಅಥವಾ ಒತ್ತಡ ಸಾಲದು. ಹಿಂದೆ ಚೆನ್ನಾಗಿ ಬರುತ್ತಿದ್ದದ್ದು ಈಗ ಬರುತ್ತಿಲ್ಲ ಎಂದರೆ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿ, ತುದಿ ಮುರಿದಿರಬಹುದು.

ದುಂಡು ಜಾಗದಲ್ಲಿ ಗೆರೆ ನಡುಗಿದಂತೆ ಕಂಡರೆ ನೋಡ್‌ಗಳು ಅತಿಯಾಗಿವೆ, ಇಂಕ್‌ಸ್ಕೇಪ್‌ಗೆ ಮರಳಿ ಇನ್ನಷ್ಟು ಸರಳಗೊಳಿಸಿ. ಅಕ್ಷರದ ನಡುವೆ ಚುಕ್ಕೆಗಳು ಕಂಡರೆ ಪಾತ್ ಅಲ್ಲಲ್ಲಿ ತುಂಡಾಗಿದೆ, ಎರಡು ತುದಿ ನೋಡ್‌ಗಳನ್ನು ಆರಿಸಿ ಕೂಡಿಸಿ. ಮೊನೆ ಗುರುತು ಸಿಗುತ್ತಿಲ್ಲ ಎಂದು ಮಷೀನ್ ಹೇಳಿದರೆ ಹೌಸಿಂಗ್ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಕ್ಲ್ಯಾಂಪ್ ಪೂರ್ತಿ ಮುಚ್ಚುವಂತೆ ಮತ್ತೆ ಕೂರಿಸಿ.

ಕೊನೆಯ ಹಂತ: ಸವರುವುದು, ಬಣ್ಣ ತುಂಬುವುದು

ಕನ್ನಡಿ ಹೊಳಪಿನ ಬಿಲ್ಲೆಗೆ ಮರಳು ಕಾಗದ ತಾಗಿಸಬೇಡಿ. ಪಾಲಿಶ್ ಬಟ್ಟೆಯನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿದರೆ ತರಿ ಅಡಗುತ್ತದೆ. ಗೆರೆಗೆರೆಯ ಮಂದ ಹೊಳಪಿನದಾದರೆ 0000 ನಂಬರಿನ ಉಕ್ಕಿನ ಉಣ್ಣೆಯನ್ನು ಅದೇ ಗೆರೆಗಳ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಮಕ್ಕಳ ಕೊರಳಿಗೆ ಹೋಗುವ ಡಾಲರ್ ಆದರೆ ಕೆತ್ತನೆಯ ಮೇಲೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ತರಿ ಇನ್ನೂ ಇದೆ.

ಹಿತ್ತಾಳೆಯ ಮೇಲಿನ ಬರಿ ಗೆರೆ ಬೆಳಕು ಬಿದ್ದ ಕೋನದಲ್ಲಷ್ಟೇ ಕಾಣುತ್ತದೆ. ಕಪ್ಪು ಅಕ್ರಿಲಿಕ್ ಬಣ್ಣವನ್ನು ಬೆರಳಲ್ಲಿ ಗೆರೆಯೊಳಗೆ ತಿಕ್ಕಿ, ಒಂದೆರಡು ನಿಮಿಷ ಬಿಟ್ಟು, ತುಸುವೇ ಒದ್ದೆಯಾದ ಬಟ್ಟೆಯನ್ನು ಮರದ ತುಂಡಿಗೆ ಬಿಗಿಯಾಗಿ ಸುತ್ತಿ ಗೆರೆಗೆ ಅಡ್ಡಲಾಗಿ ಒರೆಸಿ. ಗೆರೆ ಆಳವಿಲ್ಲದ್ದರಿಂದ ಮೆತ್ತಗಿನ ಬಟ್ಟೆಯ ಮುದ್ದೆ ಒಳಗಿನ ಬಣ್ಣವನ್ನೂ ಕಿತ್ತು ತರುತ್ತದೆ. ಪರ್ಮನೆಂಟ್ ಮಾರ್ಕರ್ ಹಚ್ಚಿ ಆಲ್ಕೋಹಾಲ್ ತಾಗಿಸಿದ ಕಾಗದದಿಂದ ಮೇಲ್ಮೈ ಮಾತ್ರ ಒರೆಸುವುದೂ ಆಗುತ್ತದೆ, ಆದರೆ ಅಕ್ರಿಲಿಕ್ ಹೆಚ್ಚು ಬಾಳುತ್ತದೆ. ಬೆಳ್ಳಿ, ತಾಮ್ರಗಳಿಗೆ ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ರಾಸಾಯನಿಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡಿ ಮೇಲ್ಮೈ ಪಾಲಿಶ್ ಮಾಡುವ ಹಳೆಯ ಪದ್ಧತಿ ಇದೆ, ಬೆಳ್ಳಿಯ ಮೇಲೆ ಅದರಷ್ಟು ಚಂದ ಬೇರೆ ಯಾವುದೂ ಬರುವುದಿಲ್ಲ. ಕಿಟಕಿ ತೆರೆದ ಜಾಗದಲ್ಲೇ ಮಾಡಿ, ಆ ದ್ರಾವಣಕ್ಕೆ ನಿಂಬೆರಸದಂಥ ಯಾವ ಹುಳಿಯೂ ಬೀಳದಂತೆ ನೋಡಿಕೊಳ್ಳಿ, ವಿಷಾನಿಲ ಏಳುತ್ತದೆ. ಹಿತ್ತಾಳೆ ಇದಕ್ಕೆ ಸರಿಯಾಗಿ ಕಪ್ಪಾಗುವುದಿಲ್ಲ, ಅಲ್ಯೂಮಿನಿಯಂ ಆಗುವುದೇ ಇಲ್ಲ.

ಕಡಗ, ಉಂಗುರ ಬೇಕೆಂದರೆ ಚಪ್ಪಟೆ ಪಟ್ಟಿಯ ಮೇಲೆ ಕೆತ್ತಿ, ಆಮೇಲೆ ಬಾಗಿಸಬೇಕು. ಉಂಗುರದ ಪಟ್ಟಿಯ ಉದ್ದಕ್ಕೆ ಒಳವ್ಯಾಸಕ್ಕೆ ಪಟ್ಟಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿ. ಒಳವ್ಯಾಸ 17 ಮಿ.ಮೀ., ದಪ್ಪ 1 ಮಿ.ಮೀ. ಆದರೆ 56.5 ಮಿ.ಮೀ. ಬಾಗಿಸುವಾಗ ನೈಲಾನ್ ಅಥವಾ ರಬ್ಬರ್ ಸುತ್ತಿಗೆಯೇ ಇರಲಿ, ಕಬ್ಬಿಣದ ಸುತ್ತಿಗೆಯ ಒಂದೇ ಪೆಟ್ಟಿಗೆ ಅಕ್ಷರ ಮುಚ್ಚಿಹೋಗುತ್ತದೆ. ಹಿತ್ತಾಳೆ ಪಟ್ಟಿ ಬಾಗದಷ್ಟು ಬಿರುಸಾಗಿದ್ದರೆ ಕಾಯಿಸಿ ಮೆತ್ತಗೆ ಮಾಡುವ ಕೆಲಸವನ್ನು ಕೆತ್ತನೆಗೆ ಮೊದಲೇ ಮುಗಿಸಿ, ಆಮೇಲೆ ಕಾಯಿಸಿದರೆ ಹೊಳಪು ಕೆಟ್ಟು ಮತ್ತೆ ಉಜ್ಜಬೇಕಾಗುತ್ತದೆ, ಉಜ್ಜಿದಷ್ಟೂ ಗೆರೆ ಸವೆಯುತ್ತದೆ.

ಒಡವೆಯನ್ನು ಯಾರಿಗಾದರೂ ಕೊಡುವುದಾದರೆ ತೊಳೆಯುವ ಬಗೆಯನ್ನೂ ಹೇಳಿ ಕೊಡಿ. ನಮ್ಮ ಮನೆಗಳಲ್ಲಿ ತಾಮ್ರ, ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಹಾಕಿ ತಿಕ್ಕುವುದು ರೂಢಿ. ದೇವರ ಪಾತ್ರೆಗೆ ಸರಿ, ಈ ಬಿಲ್ಲೆಗಲ್ಲ. ಹುಣಸೆಯ ಹುಳಿ ತಾಮ್ರದ ಗೆರೆಯೊಳಗಿನ ಕಪ್ಪನ್ನೂ ಕರಗಿಸುತ್ತದೆ, ವಿಭೂತಿಯ ಪುಡಿ ತೆಳು ಗೆರೆಯ ಅಂಚನ್ನು ಸವೆಸುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಇಷ್ಟೇ ಸಾಕು. ಕಪ್ಪು ಮಾಸಿದರೆ ಅಕ್ರಿಲಿಕ್ ಇನ್ನೊಮ್ಮೆ ತುಂಬಬಹುದು, ಗೆರೆ ಸವೆದರೆ ಮತ್ತೆ ಅದೇ ಜಾಗಕ್ಕೆ ಮೊನೆ ಕೂರಿಸುವುದು ಬಲು ಕಷ್ಟ. ಅದಕ್ಕಾಗಿಯೇ ಬಿಲ್ಲೆಯ ಅಳತೆ, ಎಸ್‌ವಿಜಿ ಕಡತ, ಮ್ಯಾಟ್ ಮೇಲಿನ ಅಂಕಿಗಳನ್ನು ಹೆಸರಿನ ಜೊತೆ ಒಂದೇ ಕಡೆ ಉಳಿಸಿಡಿ.